ಪೆಟ್ಟಿಗೆಯ ಪರದೇಶಿ

ಜೀಪಿನವನು ಮೈಕಿನಲ್ಲಿ ಕೂಗಿದ್ದು ಬಹಳ ದೊಡ್ಡ ಮಾತು. ವಸ್ತುಸಂಗ್ರಹಾಲಯವೇ ನಿಮ್ಮ ಬಾಗಿಲಿಗೆ ಬಂದಿದೆ, ಮೂರು ಸಾವಿರ ವರ್ಷ ಕೆಡದೆ ಉಳಿದ ಈಜಿಪ್ಟಿನ ಶವವನ್ನು ಕಣ್ಣಾರೆ ಕಂಡು ಜ್ಞಾನ ಗಳಿಸಿಕೊಳ್ಳಿ, ಎಂದು. ಕುಮಟೆಯ ಮೀನುಪೇಟೆಯ ಹೆಂಗಸರ ಕಿವಿಯಲ್ಲಿ ಅದರಲ್ಲಿ ನಿಂತದ್ದು ಒಂದೇ: ಹೈಸ್ಕೂಲಿನಲ್ಲಿ ಹೆಣ ಇಟ್ಟಿದ್ದಾರೆ.

ನೋಡದೆ ಬಿಡುವವರೂ ಅಲ್ಲ, ನೋಡಿದ ಮೇಲೆ ಸುಮ್ಮನಿರುವವರೂ ಅಲ್ಲ. ಹೆಣ ಕಂಡವರು ಮೀಯದೆ ಮನೆಯ ಮೆಟ್ಟಿಲು ಹತ್ತುವಂತಿಲ್ಲ. ಹಾಗಾಗಿ ಆ ಸಂಜೆ ಅಘನಾಶಿನಿ ಹೊಳೆಯ ಕೇರಿಗೆ ಮರಳಿದ ಹೆಂಗಸರೆಲ್ಲ ಬುಟ್ಟಿಯನ್ನು ದಂಡೆಯಲ್ಲಿಟ್ಟು, ಉಟ್ಟ ಸೀರೆಯಲ್ಲೇ ಹೊಳೆಗೆ ಇಳಿದರು. ಗ್ರಹಣದ ದಿನ ಕೂಡ ಅಷ್ಟು ಜನ ಮುಳುಗಿದ್ದಿಲ್ಲ. ಮಾಸ್ತಮ್ಮ ಮಾತ್ರ ದಂಡೆಯಲ್ಲೇ ಕೂತು, ಕೊಡದ ನೀರು ತಲೆಗೆ ಸುರಿದುಕೊಂಡಳು. ಮಗ ಹೋದಂದಿನಿಂದ ಅವಳು ಆ ನೀರಿಗೆ ಕಾಲಿಟ್ಟವಳಲ್ಲ.

ಹೋದ ಎಂದು ಕೇರಿ ಹೇಳುತ್ತಿತ್ತು, ಅವಳು ಹೇಳುತ್ತಿರಲಿಲ್ಲ. ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು, ಮಳೆಗಾಲದ ನಂತರ ಮೊದಲು ಇಳಿದ ದೋಣಿಯಲ್ಲಿ ಮಗ ಜಟ್ಟ ಇದ್ದ. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಉಳಿದವರು ಈಜಿ ಬಂದರು, ಅವನು ಬರಲಿಲ್ಲ, ಅವನ ಹೆಣವೂ ಬರಲಿಲ್ಲ. ಮೈದುನ ಮಾಬ್ಲ ಎಷ್ಟು ಸಲ ಕೈ ಮುಗಿದಿದ್ದ:

“ಅತ್ಗೆ, ಹುಲ್ಲಿನ ಬೊಂಬೆ ಮಾಡಿ ಸುಡ್ವ. ಕ್ರಿಯೆ ಇಲ್ದೆ ಅವ ಎಷ್ಟು ದಿನ ಅಲೀಬೇಕು?”

“ಹುಲ್ಲು ನಾ ಹೆತ್ತದ್ದಲ್ಲ. ನನ್ ಮಗನ್ನ ತಂದ್ಕೊಡು, ಸುಡ್ತೆ.”

ಅತ್ತರೆ ಒಪ್ಪಿಕೊಂಡಂತೆ ಎಂದು ಅವಳು ಒಂದು ಹನಿ ಅತ್ತಿರಲಿಲ್ಲ. ಸೊಸೆ ಮಂಜಿಯನ್ನೂ ಅಳಲು ಬಿಟ್ಟಿರಲಿಲ್ಲ. ಆ ಹುಡುಗಿ ಕುಂಕುಮ ಇಟ್ಟುಕೊಂಡು, ಬಳೆ ತೊಟ್ಟುಕೊಂಡು, ಸಂಜೆ ಗಂಡನ ಪಾಲಿನ ಗಂಜಿ ತೆಗೆದಿಟ್ಟು, ಬೆಳಿಗ್ಗೆ ಅದನ್ನು ಕಾಗೆಗೆ ಹಾಕುತ್ತ ಬತ್ತಿ ಹೋಗುತ್ತಿದ್ದಳು. ಮಾಸ್ತಮ್ಮನಿಗೆ ಅದು ಕಾಣುತ್ತಿತ್ತು. ಕಂಡೂ ಕಲ್ಲಾಗಿದ್ದಳು.

ಅಂಥವಳು ಆ ದಿನ ಹೈಸ್ಕೂಲಿನಲ್ಲಿ, ಹೆಣ ಇಟ್ಟಿದ್ದ ಪೆಟ್ಟಿಗೆಯ ಮುಂದೆ ಅತ್ತುಬಿಟ್ಟಿದ್ದಳು.

ಗಾಜಿನೊಳಗೆ ಮಾಸಿದ ಬಟ್ಟೆಯ ಪಟ್ಟಿಗಳನ್ನು ಸುತ್ತಿಸಿಕೊಂಡು ಒಬ್ಬ ಅಂಗಾತ ಮಲಗಿದ್ದ. ಬಟ್ಟೆಯೊಳಗಿಂದಲೇ ಪಾದ ಎದ್ದು ಕಾಣುತ್ತಿತ್ತು. ವಿವರಿಸಲು ನಿಂತಿದ್ದ ತ್ರ್ಯಂಬಕ ಎಂಬ ತರುಣ, ಮಿದುಳನ್ನು ಮೂಗಿನಿಂದ ಹೇಗೆ ತೆಗೆಯುತ್ತಿದ್ದರು, ಉಪ್ಪಿನಲ್ಲಿ ಹೇಗೆ ಒಣಗಿಸುತ್ತಿದ್ದರು ಎಂದು ಪಾಠ ಒಪ್ಪಿಸುತ್ತಿದ್ದ. ಮೀನು ಒಣಗಿಸಿದ ಹಾಗೆಯಾ ಎಂದು ಯಾರೋ ಕೇಳಿ, ಎಲ್ಲರೂ ನಕ್ಕರು.

ಮಾಸ್ತಮ್ಮ ನಗಲಿಲ್ಲ. “ಪ್ರಾಯ ಎಷ್ಟು?”

“ಇಪ್ಪತ್ತರ ಆಸುಪಾಸು.”

“ಯಾರ ಮಗ?”

“ಅದು ಯಾರಿಗೂ ತಿಳಿದಿಲ್ಲ ಅಮ್ಮ. ಪರದೇಶಿ ಇವನು.”

ಅವನು ಹೇಳಿದ್ದು ಬೇರೆ ದೇಶದವನು ಎಂಬ ಅರ್ಥದಲ್ಲಿ. ಅವಳ ಕೇರಿಯಲ್ಲಿ ಆ ಮಾತಿಗೆ ಹಿಂದೆ ಮುಂದೆ ಯಾರೂ ಇಲ್ಲದವನು ಎಂದರ್ಥ. ಹೆತ್ತವಳು ಯಾವಾಗಲೋ ಸತ್ತಳು, ಸುಡುವವರಿಲ್ಲ, ಹೂಳುವವರಿಲ್ಲ, ಊರೂರಿಗೆ ಜೀಪಿನಲ್ಲಿ ಹೊತ್ತು ತಿರುಗಿಸುತ್ತಾರೆ, ಜನ ನಗುತ್ತಾರೆ. ಅವಳ ಎದೆ ಒಡೆಯಿತು. ಇಷ್ಟು ದಿನ ಹಿಡಿದಿಟ್ಟದ್ದೆಲ್ಲ ಬಂತು.

ಪ್ರದರ್ಶನದ ಕೊನೆಯ ದಿನ ಅವಳು ಹೊಸ ಪಂಚೆಯೊಂದನ್ನು ಮಡಿಚಿ ಹಿಡಿದುಕೊಂಡು, ಮಾಬ್ಲನನ್ನೂ ಎಳೆದುಕೊಂಡು ಹೋದಳು. ಜನ ಕರಗಿದ ಮೇಲೆ ತ್ರ್ಯಂಬಕನ ಮುಂದೆ ಸೆರಗೊಡ್ಡಿದಳು.

“ಒಡೆಯಾ, ಇವನ್ನ ನಂಗೆ ಕೊಡು. ಇವಂಗೆ ಜನ ಇಲ್ಲ. ನನ್ ಮಗಂಗೆ ಮೈ ಇಲ್ಲ. ಅವನ ಹೆಸರು ಹೇಳಿ ಇವನ್ನ ಸುಡ್ತೆ. ಇಬ್ಬರಿಗೂ ಮುಕ್ತಿ ಆತು.”

ತ್ರ್ಯಂಬಕ ಅತ್ತಿತ್ತ ನೋಡಿದ. ದಿನವಿಡೀ ಅದೇ ಪಾಠ ಒಪ್ಪಿಸಿದವನು ಅವನೇ. ಆದರೂ ಈ ಹೆಂಗಸಿಗೆ ಸುಳ್ಳು ಹೇಳಲು ಅವನಿಗೆ ಆಗಲಿಲ್ಲ.

“ಅಮ್ಮ, ಇದು ಮನುಷ್ಯನೇ ಅಲ್ಲ. ನಿಜವಾದದ್ದನ್ನು ಹೀಗೆ ಹೊತ್ತು ತಿರುಗಲು ಬಿಡುವುದಿಲ್ಲ. ನಮ್ಮ ಕಾರ್ಖಾನೆಯಲ್ಲಿ ಸುಣ್ಣ, ಗೋಣಿ ಹಾಕಿ ಮಾಡಿದ ಮಾದರಿ. ಮೈಕಿನವನು ಜನ ಸೇರಲಿ ಎಂದು ಹಾಗೆ ಕೂಗುತ್ತಾನೆ.”

ಮಾಸ್ತಮ್ಮ ಬಗ್ಗಿ ಗಾಜಿನೊಳಗೆ ನೋಡಿದಳು.

“ಬೊಂಬೆಯಾ?”

“ಬೊಂಬೆ.”

“ನಾ ಅತ್ತದ್ದು ಬೊಂಬೆಗಾ?”

ಅವಳು ಬೈಯಲಿಲ್ಲ. ಪಂಚೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಬಂದು, ಪೇಟೆ ದಾಟಿದಳು. ಆಮೇಲೆ ಅಂದಳು: “ಮಾಬ್ಲ, ಸುಣ್ಣದ ಬೊಂಬೆಗೆ ನಂಗೆ ಅಳು ಬಂತು ಅಂದ್ರೆ ಹುಲ್ಲಿಗೂ ಬತ್ತದೆ. ಭಟ್ರಿಗೆ ಹೇಳು.”

ಬೊಂಬೆಯನ್ನು ಬೇರೆಯವರ ಕೈಗೆ ಅವಳು ಕೊಡಲಿಲ್ಲ. ದರ್ಭೆ ಕಟ್ಟಿ ಕೈಕಾಲು ಮಾಡಿದಳು, ತಲೆಯ ಜಾಗದಲ್ಲಿ ತೆಂಗಿನಕಾಯಿ ಇಟ್ಟಳು. ಹೊಸ ಪಂಚೆಯನ್ನು ಹರಿದು ಪಟ್ಟಿ ಮಾಡಿ, ಪೆಟ್ಟಿಗೆಯಲ್ಲಿ ಕಂಡಂತೆಯೇ ಪಾದದಿಂದ ಮೇಲಕ್ಕೆ ಸುತ್ತಿದಳು. ಎದೆಯ ಹತ್ತಿರ ಬಂದಾಗ ಮಂಜಿ ಗಂಡನ ಅಂಗಿ ತಂದು ಕೊಟ್ಟಳು. ಅದನ್ನೂ ಒಳಗಿಟ್ಟು ಸುತ್ತಿದರು. ಅತ್ತೆ ಸೊಸೆ ಒಟ್ಟಿಗೆ ಅತ್ತದ್ದು ಅದೇ ಮೊದಲು.

ದಂಡೆಯ ಮರಳಿನ ಮೇಲೆ ಮಾಬ್ಲ ಬೆಂಕಿ ಕೊಟ್ಟ. ಹೆಣವಾದರೆ ಹೊತ್ತು ಮುಳುಗುವವರೆಗೆ ಉರಿಯುತ್ತದೆ. ಇದು ಹುಲ್ಲು, ನೋಡುನೋಡುತ್ತಿದ್ದಂತೆ ಬೂದಿಯಾಯಿತು. ಕೊನೆಗೆ ಕಾಯಿ ಟಪ್ಪೆಂದು ಒಡೆದಾಗ ಮಾತ್ರ ಮಾಸ್ತಮ್ಮ ತನ್ನದೇ ತಲೆ ಹಿಡಿದುಕೊಂಡು “ಜಟ್ಟಾ” ಎಂದು ಕೂಗಿದಳು.

“ಆತು ಅತ್ಗೆ, ಮೀಯುವ,” ಎಂದ ಮಾಬ್ಲ.

ಕೇರಿಯವರು ಒಬ್ಬೊಬ್ಬರಾಗಿ ಮುಳುಗಿ ಎದ್ದರು. ಮಂಜಿಯೂ ಇಳಿದಳು, ಒದ್ದೆ ಕೈ ಚಾಚಿದಳು. ಆ ದಿನ ಕೊಡದ ನೀರು ಸಾಲದು, ಮುಳುಗಲೇಬೇಕು. ಹುಲ್ಲಿನ ಮಗನ ಸೂತಕ ತೊಳೆದುಕೊಳ್ಳಲು, ನಿಜವಾದ ಮಗ ಇದ್ದ ನೀರಿಗೇ ಇಳಿಯಬೇಕಿತ್ತು. ಮಾಸ್ತಮ್ಮ ಇಳಿದಳು. ಕುತ್ತಿಗೆವರೆಗೆ ಬಂದ ಮೇಲೆ ನಿಂತು, ನೀರೊಳಗೆ ಎರಡೂ ಕೈ ಆಡಿಸಿ ಹುಡುಕತೊಡಗಿದಳು.