ಮೂರನೆಯ ನೀರು

"ಬಿಡೇ ಅದನ್ನ! ಕೈಯೆಲ್ಲ ಜಿಡ್ಡು ಮಾಡ್ಕೊಂಡು ಅಣ್ಣನ ಹತ್ರ ಹೇಗೆ ಕೂತ್ಕೋತೀಯ?" ಎಂದು ಚಿಕ್ಕಪ್ಪ ಹೊಸ್ತಿಲಿನಿಂದ ಕೂಗುವಷ್ಟರಲ್ಲಿ ಆ ಅಣ್ಣನ ಮಗಳು ಬೈಕಿನ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಬೆರಳು ಅದ್ದಿಯಾಗಿತ್ತು. ಎಂಜಿನ್ ತಣಿಸುವ ಹೊಸ ಕೂಲೆಂಟ್ ಇರಲಿಲ್ಲ. ಬರೀ ನೀರು.

ಎಂಟು ಗಂಟೆಯಾಗಿತ್ತು. ಶವವಾಹನ ಹನ್ನೊಂದಕ್ಕೆ ಬರುವುದಿತ್ತು. ಅವಳ ತಂದೆಯನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ನಿನ್ನೆ ಸಂಜೆ ಈ ಬೈಕಿನ ಪಕ್ಕದ ಮೆಟ್ಟಿಲ ಮೇಲೆ ಕೂತವರು ಹಾಗೆಯೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದರು. ಅಮ್ಮ ಎರಡು ಸಲ ಕರೆದಿದ್ದಳು. ಕೆಲಸದಲ್ಲಿದ್ದಾಗ ಅವರು ಮೂರನೆಯ ಕರೆಗೇ ಓಗೊಡುವವರಾದ್ದರಿಂದ ಇನ್ನೊಮ್ಮೆಯೂ ಕರೆದಿದ್ದಳು.

ಬೈಕು ಅವರದಲ್ಲ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಇಂಜೆಕ್ಷನ್ ಕೊಡುವ, ಹುಣ್ಣು ತೊಳೆಯುವ ನರ್ಸಿನದು. ಎರಡು ವರ್ಷಕ್ಕೊಮ್ಮೆ ಅದರ ಹಳೆಯ ಕೂಲೆಂಟ್ ಬಸಿದು, ಎಂಜಿನ್ನಿನ ಒಳಗನ್ನು ತೊಳೆದು, ಹೊಸದನ್ನು ತುಂಬಿಕೊಡುವುದು ನಿವೃತ್ತಿಯ ನಂತರ ಅವರು ತಾವಾಗಿಯೇ ಹಚ್ಚಿಕೊಂಡ ಕೆಲಸ. "ನಾಳೆ ಹನ್ನೊಂದಕ್ಕೆ ಗಾಡಿ ನಿಮ್ಮ ಕೈಲಿ" ಎಂದಿದ್ದರು.

"ನಾನು ಬೇರೆ ಯಾರದಾದ್ರೂ ಗಾಡಿ ಕೇಳ್ತೀನಮ್ಮ," ಎಂದಳು ನರ್ಸ್. ಸುದ್ದಿ ಕೇಳಿ ಬಂದಿದ್ದ ಅವಳ ಕಣ್ಣು ಊದಿಕೊಂಡಿತ್ತು. "ಇವತ್ತು ಇದೆಲ್ಲ ಬೇಡ."

"ಹನ್ನೊಂದು ಅಂತ ಹೇಳಿದಾರೆ, ಅಕ್ಕ."

"ಹೇಳಿದವರೇ ಇಲ್ವಲ್ಲೇ."

"ಹೇಳಿದ ಮಾತು ಇದೆಯಲ್ಲ."

ಮಗಳಿಗೆ ಗೊತ್ತಾಗಬೇಕಾದದ್ದು ಒಂದೇ: ಅಪ್ಪ ಎಲ್ಲಿ ನಿಲ್ಲಿಸಿದ್ದರು? ಅವರು ಮೂರು ಸಲ ತೊಳೆಯುತ್ತಿದ್ದರು. ಪ್ರತಿ ಸಲವೂ ಬಟ್ಟಿ ಇಳಿಸಿದ ನೀರು ತುಂಬಿ, ಎಂಜಿನ್ ಓಡಿಸಿ, ಪೂರ್ತಿ ತಣಿದ ಮೇಲೆ ಬಸಿದು, ಬಸಿದದ್ದನ್ನು ಒಂದಿಷ್ಟು ಬಿಳಿ ಪಿಂಗಾಣಿ ಕಪ್ಪಿಗೆ ಹಾಕಿ ಬೆಳಕಿಗೆ ಹಿಡಿಯುತ್ತಿದ್ದರು. ಮೂರನೆಯ ನೀರಿನಲ್ಲಿ ಹಳೆಯ ಕೂಲೆಂಟಿನ ಹಸಿರಿನ ಸುಳಿವೂ ಇರಕೂಡದು.

"ಚಿಕ್ಕಪ್ಪ, ಇಲ್ಲಿ ಕಿವಿ ಮುರಿದ ಕಪ್ಪೊಂದು ಇತ್ತಲ್ಲ, ಅದರಲ್ಲಿದ್ದ ನೀರು?"

"ಚೆಲ್ಲಿ ತೊಳೆದಿಟ್ಟೆ. ನಾಲ್ಕು ಜನ ಬರೋ ಮನೆ, ಅಂಗಳ ಹಾಗೇ ಬಿಡೋಕಾಗತ್ತಾ? ಸ್ಪ್ಯಾನರೆಲ್ಲ ಒರೆಸಿ ಪೆಟ್ಟಿಗೆಗೆ ಹಾಕ್ದೆ. ಕೆಳಗಿನ ಬೋಲ್ಟು ಅಷ್ಟೇನೂ ಬಿಗಿ ಇರ್ಲಿಲ್ಲ, ಅದನ್ನೂ ಬಿಗಿ ಮಾಡ್ದೆ." ಚಿಕ್ಕಪ್ಪ ಬೆನ್ನು ತಟ್ಟಿಸಿಕೊಳ್ಳಲು ಕಾಯುವವರಂತೆ ನಿಂತರು. ಅವಳ ಮುಖ ನೋಡಿ ಅವರ ದನಿ ಇಳಿಯಿತು. "ಯಾಕೆ, ತಪ್ಪಾಯ್ತಾ?"

ನೀರು ಬಸಿಯುವ ಆ ಬೋಲ್ಟು ಅವಳ ಕೈಗೆ ಜಗ್ಗಲಿಲ್ಲ. ಕೊನೆಗೆ, ಬಿಗಿ ಮಾಡಿದ್ದ ಚಿಕ್ಕಪ್ಪನೇ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ನೆಲಕ್ಕೆ ಮಲಗಿ ಏದುಸಿರು ಬಿಡುತ್ತ ಅದನ್ನು ಬಿಚ್ಚಬೇಕಾಯಿತು. ನೀರು ಬಕೆಟ್ಟಿಗೆ ಸುರಿಯಿತು. ಅವಳು ಕಪ್ಪನ್ನು ಬೆಳಕಿಗೆ ಹಿಡಿದಳು. ತಳದಲ್ಲಿ, ಇದೆಯೋ ಇಲ್ಲವೋ ಎನ್ನುವಷ್ಟು ಹಸಿರು.

"ಎರಡನೇ ನೀರು," ಎಂದಳು. "ಇನ್ನೊಂದು ಬಾಕಿ ಇದೆ."

ಹೊಸ ನೀರು ತುಂಬಿ ಎಂಜಿನ್ ಚಾಲೂ ಮಾಡಿದಾಗ ಒಳಗಿದ್ದ ಸೋದರತ್ತೆ ಹಣೆ ಹಣೆ ಬಡಿದುಕೊಂಡಳು. "ಒಳಗೆ ಹೆಣ ಇಟ್ಕೊಂಡು ಹೊರಗೆ ಗಾಡಿ ಗುರುಗುಟ್ಟಿಸ್ತಾರಲ್ಲ! ಕೇಳೋರಿಲ್ವಾ ಈ ಮನೇಲಿ?"

ಅಪ್ಪನ ಪಕ್ಕ ಕೂತಿದ್ದ ಅಮ್ಮ ತಲೆಯೆತ್ತಿದಳು. "ಅದು ಓಡಲಿ ಬಿಡಿ. ನಿಂತುಹೋಗಿದ್ರೇನೇ ಅವರಿಗೆ ಯೋಚನೆ ಆಗ್ತಿತ್ತು."

*

ಮೂವತ್ತೊಂದು ವರ್ಷ ಅಪ್ಪ ದೊಡ್ಡಾಸ್ಪತ್ರೆಯ ಲಿಫ್ಟ್ ನಡೆಸಿದ್ದರು. ಏಳು ಗುಂಡಿ, ಒಂದು ಸ್ಟೂಲು, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಒಂದು ಫ್ಯಾನು. ಎಲ್ಲರೂ ಅವರನ್ನು ಲಿಫ್ಟಣ್ಣ ಎನ್ನುತ್ತಿದ್ದರು. ಮೇಲೆ ಹೋಗುವವರೊಂದಿಗೆ ಒಂದೆರಡು ಮಾತಾಡುತ್ತಿದ್ದರು. ಕೆಳಗಿಳಿಯುವವರೊಂದಿಗೆ, ಅವರ ಮುಖ ನೋಡಿ.

ನರ್ಸ್ ಆಗಿನ್ನೂ ತರಬೇತಿಯಲ್ಲಿದ್ದಳು. ಒಂದು ಮಧ್ಯಾಹ್ನ ಅವಳ ಕೈಯಲ್ಲೇ ಒಬ್ಬರು ಜೀವ ಬಿಟ್ಟರು. ವಾರ್ಡಿನಲ್ಲಿ ಅಳುವಂತಿರಲಿಲ್ಲ. ನಾಲ್ಕನೆಯ ಮಹಡಿಯಲ್ಲಿ ಲಿಫ್ಟಿನೊಳಗೆ ಬಂದು ಮೂಲೆಗೆ ಮುಖ ಮಾಡಿ ನಿಂತಳು. ಲಿಫ್ಟಣ್ಣ ಎಷ್ಟನೇ ಮಹಡಿ ಎಂದು ಕೇಳಲಿಲ್ಲ. ಏಳಕ್ಕೆ ಹೋದರು, ಕೆಳಕ್ಕೆ ಬಂದರು, ಮತ್ತೆ ಏಳಕ್ಕೆ. ಹೊರಗೆ ಜನ ಬಾಗಿಲು ಬಡಿದು ಬೈಯುತ್ತಿದ್ದರು. ಅವಳು ಮೂಗೊರೆಸಿಕೊಂಡ ಮೇಲೆಯೇ, ಆಗಷ್ಟೇ ಅವಳನ್ನು ಕಂಡವರಂತೆ, "ಎಷ್ಟನೇದಮ್ಮ?" ಎಂದರು.

*

ಎಂಜಿನ್ ತಣಿಯುವವರೆಗೆ ಕಾಯಬೇಕಿತ್ತು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕಾಯುವುದು ಅಪ್ಪನಿಗೆ ಬರುತ್ತಿತ್ತು, ಅವಳಿಗೆ ಬರುತ್ತಿರಲಿಲ್ಲ. ಒಳಗೆ ಹೋಗಿ ಅವರ ಪಕ್ಕ ಕೂತಳು. ಅವರ ಉಗುರಿನ ಸಂದಿಯಲ್ಲಿ ಜಿಡ್ಡಿನ ಕರೆ ಉಳಿದಿತ್ತು; ತೊಳೆದವರು ಎಷ್ಟು ಉಜ್ಜಿದರೂ ಅದು ಹೋಗಿರಲಿಲ್ಲ.

ಹತ್ತಕ್ಕೆ ಮೂರನೆಯ ನೀರು ಬಸಿದಳು. ಕಪ್ಪಿನಲ್ಲಿ ಬರೀ ಪಿಂಗಾಣಿಯ ಬಿಳುಪು. ಚಿಕ್ಕಪ್ಪ ಕಪ್ಪು ಇಸಿದುಕೊಂಡು ತಾವೂ ನೋಡಿದರು. ಹೊಸ ವಾಷರ್ ಹಾಕಿ ಬೋಲ್ಟ್ ಕೂರಿಸುವಾಗ "ಇಷ್ಟು ಸಾಕಾ? ಇಷ್ಟು?" ಎಂದು ಕಾಲು ಸುತ್ತಿಗೊಮ್ಮೆ ಕೇಳಿದರು. ಹಸಿರು ಕೂಲೆಂಟನ್ನು ಅವಳು ನೂಲಿನಷ್ಟು ಸಣ್ಣ ಧಾರೆಯಲ್ಲಿ ಹೊಯ್ದಳು. ಮುಚ್ಚಳ ಹಾಕದೆಯೇ ಎಂಜಿನ್ ಚಾಲೂ ಮಾಡಿದಳು.

"ಮುಚ್ಚೋದಿಲ್ವಾ?"

"ಒಳಗೆ ಗಾಳಿ ಇರತ್ತೆ. ಅದು ಹೊರಗೆ ಬರೋ ತನಕ ಮುಚ್ಚಬಾರದು."

"ಮಗೂಗೆ ಹಾಲು ಕುಡಿಸಿ ತೇಗು ಬರಿಸಿದ ಹಾಗೆ," ಎಂದಳು ನರ್ಸ್. "ನಾನು ಹಾಗಂದಿದ್ದಕ್ಕೆ ಲಿಫ್ಟಣ್ಣ ಒಂದು ವಾರ ನಕ್ಕಿದ್ರು."

*

ಮೊದಲ ಸಲ ಕೂಲೆಂಟ್ ತುಂಬಿದಾಗ ಲಿಫ್ಟಣ್ಣ ಗಾಳಿ ಹೊರಬರುವ ಮುಂಚೆಯೇ ಮುಚ್ಚಳ ಬಿಗಿದಿದ್ದರು. ಬೈಕು ಸೇತುವೆಯ ಮೇಲೆ ಕುದಿದು ನಿಂತಿತು. ನೋವಿನ ಇಂಜೆಕ್ಷನ್ನಿಗೆ ಕಾಯುತ್ತಿದ್ದ ಮುದುಕಿಯೊಬ್ಬಳ ಮನೆಗೆ ನರ್ಸ್ ಮುಕ್ಕಾಲು ಗಂಟೆ ತಡವಾಗಿ ತಲುಪಿದಳು. ಅವಳು ಅದನ್ನು ತಮಾಷೆಯಾಗಿಯೇ ಹೇಳಿದ್ದಳು. ಲಿಫ್ಟಣ್ಣ ನಗಲಿಲ್ಲ. ಮರುದಿನ ವಿಳಾಸ ಕೇಳಿಕೊಂಡು ಆ ಮನೆಗೆ ನಡೆದೇ ಹೋದರು.

"ಆ ಮುಕ್ಕಾಲು ಗಂಟೆ ನನ್ನಿಂದ ಆಯ್ತು," ಎಂದರಂತೆ.

ಮುದುಕಿಗೆ ಅದು ಅರ್ಥವಾಗಲಿಲ್ಲ. ಒಬ್ಬಳೇ ಇದ್ದಳು, ಕೂರಿಸಿಕೊಂಡಳು. ಅವಳು ಇರುವಷ್ಟು ದಿನವೂ ಅವರು ಪ್ರತಿ ಗುರುವಾರ ಹೋಗಿ ಮುಕ್ಕಾಲು ಗಂಟೆ ಕೂತು ಬರುತ್ತಿದ್ದರು.

*

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಶವವಾಹನ ಬಂತು. ರೇಡಿಯೇಟರಿನ ಬಾಯಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಮಗಳು ಬೈಕನ್ನು ಅತ್ತ ಒಮ್ಮೆ, ಇತ್ತ ಒಮ್ಮೆ ಓರೆ ಮಾಡಿದಳು. ಒಳಗೆ ಮುಖ ನೋಡಿ ಬಂದವರೆಲ್ಲ ಏನೋ ಎಂದು ಸುತ್ತ ನಿಂತರು. ಗುಳ್ಳೆಗಳು ನಿಂತವು.

"ಆಯ್ತಲ್ಲ, ಮುಚ್ಚು," ಎಂದರು ಚಿಕ್ಕಪ್ಪ. "ಹೊತ್ತಾಯ್ತು."

ಅವಳ ಕೈ ಮುಚ್ಚಳದ ಮೇಲೆ ಹೋಯಿತು. ನಿಂತಿತು. ಅಪ್ಪ ಇಲ್ಲಿ ಏನು ಮಾಡುತ್ತಿದ್ದರು ಎಂದು ನೆನೆಯಲು ನೋಡಿದಳು. ಅವರು ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿದ್ದರು.

"ಇನ್ನು ಸ್ವಲ್ಪ," ಎಂದಳು.

ಶವವಾಹನದ ಚಾಲಕ ತನ್ನ ಎಂಜಿನ್ ಆರಿಸಿ ಬಂದ. "ನಿಧಾನ ಮಾಡಮ್ಮ, ನನಗೇನೂ ಅವಸರ ಇಲ್ಲ. ನನ್ನ ಗಾಡೀಲಿ ಬರೋರು ಯಾರೂ ಬೇಗ ಹೋಗಿ ಅನ್ನಲ್ಲ." ಯಾರೋ ನಕ್ಕು ಬಾಯಿಗೆ ಸೆರಗು ಅಡ್ಡ ಹಿಡಿದರು.

ನಾಲ್ಕು ನಿಮಿಷ ಕಳೆಯಿತು. ಆಮೇಲೆ ಎಲ್ಲೋ ಆಳದಿಂದ ಒಂದೇ ಒಂದು ದೊಡ್ಡ ಗುಳ್ಳೆ ಎದ್ದು ಒಡೆಯಿತು. ಹಸಿರು ಎರಡು ಬೆರಳಿನಷ್ಟು ಕೆಳಗಿಳಿಯಿತು. ಚಿಕ್ಕಪ್ಪ ಉಸಿರು ಬಿಟ್ಟರು. ಅವಳು ಕಡಿಮೆಯಾದಷ್ಟನ್ನು ತುಂಬಿ, ಮುಚ್ಚಳ ತಿರುಗಿಸಿ, ಕೈ ತೊಳೆದುಕೊಂಡು ಅಪ್ಪನನ್ನು ಎತ್ತಲು ಒಳಗೆ ಹೋದಳು. ನರ್ಸೂ ಹೆಗಲು ಕೊಟ್ಟಳು.

ವಾಹನ ನಡಿಗೆಯ ವೇಗದಲ್ಲಿ ಹೊರಟಿತು, ಜನ ಅದರ ಹಿಂದೆ. ಇಕ್ಕಟ್ಟಿನ ಬೀದಿ. ಎಲ್ಲರಿಗಿಂತ ಹಿಂದೆ, ಒಂದು ಕಾಲನ್ನು ನೆಲಕ್ಕೆ ತಾಗಿಸುತ್ತ, ಬೈಕಿನ ಮೇಲೆ ನರ್ಸ್ ಬರುತ್ತಿದ್ದಳು. ಹನ್ನೊಂದೂವರೆಗೆ ಅವಳು ಮೊದಲ ರೋಗಿಯ ಮನೆಯಲ್ಲಿರಬೇಕಿತ್ತು. ಹಾರ್ನ್ ಮಾಡಲಿಲ್ಲ.

ಮಗಳು ತಿರುಗಿ ನೋಡಿದಳು. ಮುಂದೆ ಹೋಗಿ ವಾಹನದ ಕಿಟಕಿ ತಟ್ಟಿದಳು. ಚಾಲಕ ಗೋಡೆಯ ಮಗ್ಗುಲಿಗೆ ಒತ್ತಿ ನಿಲ್ಲಿಸಿದ. ಜನರೂ ಸಾಲಾಗಿ ಗೋಡೆಗೆ ಬೆನ್ನು ಹಚ್ಚಿ ನಿಂತರು. ಸೋದರತ್ತೆ ತನ್ನ ಸೆರಗನ್ನು ಒಳಗೆಳೆದುಕೊಂಡಳು. ಬೈಕು ಲಿಫ್ಟಣ್ಣನನ್ನು ದಾಟಿ, ಬೀದಿಯ ಕೊನೆಗೆ ಹೋಗಿ, ಸೇತುವೆಯ ಕಡೆಗೆ ತಿರುಗಿತು.

ಚಾಲಕ ಹೊರಡಲು ಗೇರ್ ಹಾಕಿದ. ಚಿಕ್ಕಪ್ಪ ಕೈಯೆತ್ತಿ ತಡೆದರು. ಬೈಕು ಹೋದ ಜಾಡಿನಲ್ಲಿ ಬಗ್ಗಿ, ಮೊಣಕಾಲಿಗೆ ಕೈಯೂರಿ, ನೆಲವನ್ನು ನೋಡುತ್ತ ನಾಲ್ಕು ಹೆಜ್ಜೆ ನಡೆದರು. ಎಲ್ಲೂ ಒಂದು ಹಸಿರು ಹನಿಯೂ ಇರಲಿಲ್ಲ. ಆಮೇಲೆ ನೆಟ್ಟಗಾಗಿ, ವಾಹನಕ್ಕೆ ಮುಂದೆ ಹೋಗು ಎಂದು ಕೈ ಬೀಸಿದರು.