ನಿಲ್ಲಿಸುವ ಮಾತು

ಮೈಕಿನ ಸ್ಪಂಜಿನ ವಾಸನೆ ಇನ್ನೂ ತುಟಿಯ ಮೇಲೇ ಇದೆ, ಯಾರದೋ ಹಳೆಯ ಕಾಫಿ, ಯಾರದೋ ಉಸಿರು, ಒರೆಸಿಕೊಂಡರೂ ಹೋಗುತ್ತಿಲ್ಲ, ಹೀಟರ್ ಹಾಕಿದರೆ ಕಾರಿನೊಳಗೆ ತಣ್ಣನೆಯ ಗಾಳಿಯೇ ಬರುತ್ತಿದೆ, ಹೊರಡಬೇಕು, ಪ್ಲಿಮತ್ ದಾಟಿದರೆ ಮನೆ, ಆದರೆ ಕೈ ಸ್ಟೀರಿಂಗಿನ ಮೇಲೆ ಸುಮ್ಮನೆ ಕೂತಿದೆ, ಪಾರ್ಕಿಂಗ್ ಲಾಟಿನಲ್ಲಿ ಒಬ್ಬೊಬ್ಬರೇ ರಟ್ಟಿನ ಡಬ್ಬ ಅವುಚಿಕೊಂಡು ಬರುತ್ತಿದ್ದಾರೆ, ನಾನೇ ಹೇಳಿದ್ದಲ್ಲವೇ ಅವರಿಗೆ, ಈಗಷ್ಟೇ, ಈ ಫ್ಯಾಕ್ಟರಿ ಕ್ರಿಸ್‌ಮಸ್ಸಿಗೆ ಮೊದಲೇ ಮುಚ್ಚುತ್ತದೆ ಅಂತ — ನಾನಲ್ಲ, ಮೊರಿಕಾವಾ ಸಾನ್ ಹೇಳಿದ್ದು, ಅಧ್ಯಕ್ಷರು ಅವರು, ಅವರು ಜಪಾನಿಯಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳುವುದಷ್ಟೇ ನನ್ನ ಕೆಲಸ, ಹುಬ್ಬಳ್ಳಿಯ ಹುಡುಗಿ ಬೆಂಗಳೂರಿನಲ್ಲಿ ಜಪಾನಿ ಕಲಿತು ಮಿಶಿಗನ್ನಿನಲ್ಲಿ ಕಾರಿನ ಬಾಗಿಲ ಹಿಡಿಕೆ ಮಾಡುವವರ ನಡುವೆ ದುಭಾಷಿಯಾದಳು, ಎಲ್ಲರೂ ಸೋಜಿಗಪಡುತ್ತಿದ್ದರು, ಈಗ ಅದೂ ಮುಗಿಯಿತು — ಫೋನು, ಗಂಡ ಸುಶಾಂತನದು, ಸ್ಟರ್ಲಿಂಗ್ ಹೈಟ್ಸಿನಿಂದ, ಅವನ ಪ್ಲಾಂಟಿನಲ್ಲೂ ಈ ವರ್ಷ ಅರ್ಧ ದಿನ ಕೆಲಸ ಅರ್ಧ ದಿನ ಇಲ್ಲ, ಏನಾತು ಸ್ಮಿತಾ, ಮುಚ್ತಾರಂತೇನು, ಹೂಂ ಅಂದೆ, ಎಲ್ಲಾರಿಗೂ ನೀನ ಹೇಳಬೇಕಾತೇನು, ಹೂಂ, ನೀ ಯಾಕ ತಲಿ ಕೆಡಿಸ್ಕೊಂತಿ, ಮಾತು ಅವರದು, ನೀ ಬರೇ ಹೇಳಿದಾಕಿ, ಸಾವಕಾಶ ಡ್ರೈವ್ ಮಾಡ್ಕೊಂಡ ಬಾ, ರೋಡು ಜಾರತದ. ಬರೇ ಹೇಳಿದಾಕಿ.

ಬರೇ ಹೇಳಿದ್ದು, ಬರೇ ಕೂತಿದ್ದು, ಬರೇ ಮೊಹರು ಒತ್ತಿದ್ದು — ಇದನ್ನೇ ಅಲ್ಲವೇ ಕಿಯೋಕೊ ಸೆನ್ಸೇ ಮಲ್ಲೇಶ್ವರದ ಮಹಡಿ ಕೋಣೆಯಲ್ಲಿ ತಮ್ಮ ಚಕ್ರವರ್ತಿಯ ಬಗ್ಗೆ ಹೇಳುತ್ತಿದ್ದುದು, ನನಗೆ ಜಪಾನಿ ಕಲಿಸಿದವರು, ಕೈಗಡಿಯಾರದ ಕಾರ್ಖಾನೆಗೆ ಬಂದ ಗಂಡನ ಜೊತೆ ಬೆಂಗಳೂರಿಗೆ ಬಂದು ಅಲ್ಲೇ ಉಳಿದುಬಿಟ್ಟವರು, ಹತ್ತಿ ಸೀರೆ, ಕಿವಿ ಮುಚ್ಚುವ ಬೆಳ್ಳಿ ಕೂದಲು, ಪಾಠದ ನಡುವೆ ಯಾರೋ ಕೇಳಿದ್ದರು, ಸೆನ್ಸೇ, ಯುದ್ಧ ಮಾಡಿಸಿದ್ದು ಚಕ್ರವರ್ತಿನಾ, ನಿಲ್ಲಿಸಿದ್ದು ಚಕ್ರವರ್ತಿನಾ, ಅವರು ಚಾಕ್‌ಪೀಸು ಕೆಳಗಿಟ್ಟರು, ಕಿಟಕಿಯ ಹೊರಗೆ ತರಕಾರಿ ಗಾಡಿಯವನು ಕೂಗುತ್ತಿದ್ದ, ನೋಡಮ್ಮ, ನಂಗೆ ಒಂಬತ್ತು ವರ್ಷ ಆಗ, ನಲವತ್ತೈದರ ಆಗಸ್ಟು, ಮಧ್ಯಾಹ್ನ, ಸ್ಕೂಲ್ ಮೈದಾನದಲ್ಲಿ ಮೇಜಿನ ಮೇಲೆ ರೇಡಿಯೋ ಇಟ್ಟಿದ್ರು, ಅಲ್ಲೀವರೆಗೂ ಚಕ್ರವರ್ತಿಯ ದನಿ ಯಾರೂ ಕೇಳಿರಲಿಲ್ಲ, ದೇವರ ದನಿ ಅಂತ ತಲೆ ಬಗ್ಗಿಸಿ ನಿಂತ್ವಿ, ಸಣ್ಣ ದನಿ, ಕರಕರ ಸದ್ದು, ಅರಮನೆಯ ಹಳೇ ಭಾಷೆ, ಒಂದೂ ತಿಳೀಲಿಲ್ಲ, ಸೋತ್ವಿ ಅನ್ನೋ ಮಾತೇ ಇರಲಿಲ್ಲ ಅದರಲ್ಲಿ, ಯುದ್ಧ ನಮಗೆ ಅನುಕೂಲವಾಗಿಯೇ ನಡೆದಿದೆ ಅನ್ನೋಕಾಗಲ್ಲ ಅಂತ ಏನೋ ಸುತ್ತಿ ಬಳಸಿ, ನಮ್ಮಮ್ಮ ಮೇಷ್ಟ್ರನ್ನ ಕೇಳಿದ್ರು, ಇನ್ನೂ ಹೋರಾಡಿ ಅಂದ್ರಾ, ಮೇಷ್ಟ್ರು ಅಳ್ತಾ ಇದ್ರು, ಇಲ್ಲ ತಾಯಿ, ಮುಗೀತು ಅಂದ್ರು. ಅಮ್ಮ ಅಳಲಿಲ್ಲವಂತೆ, ಮನೆಗೆ ಬಂದು ಅಕ್ಕಿಯಿಲ್ಲದ ಡಬ್ಬ ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಆಮೇಲೆ ಹೇಳಿದರಂತೆ, ನಿಲ್ಸಿ ಅಂದ ತಕ್ಷಣ ನಿಂತಿತಲ್ಲ. ಸೆನ್ಸೇಯ ಅಣ್ಣ ಒಕಿನಾವಾದ ಕಾಳಗದಲ್ಲಿ ತೀರಿಕೊಂಡದ್ದು ಜೂನಿನಲ್ಲಿ. ಶುರುವಾಗುವಾಗ ಎಲ್ಲಾ ಮಂತ್ರಿಗಳದ್ದು, ಸೇನಾಪತಿಗಳದ್ದು, ಚಕ್ರವರ್ತಿ ಸುಮ್ಮನೆ ಕೂತು ಮೊಹರು ಒತ್ತಿದ್ರಂತೆ, ನಿಲ್ಲಿಸುವಾಗ ಮಾತ್ರ ಇವರ ಮಾತು ನಡೀತಂತೆ, ಆಗಸ್ಟಿನಲ್ಲಿ ನಡೆಯೋ ಮಾತು ಮೇ ತಿಂಗಳಲ್ಲಿ ಯಾಕೆ ನಡೀಲಿಲ್ಲಮ್ಮ — ನಮ್ಮನ್ನೇ ಕೇಳಿದರು ಸೆನ್ಸೇ. ಸೇನಾಪತಿಗಳನ್ನು ಗಲ್ಲಿಗೇರಿಸಿದರು, ಚಕ್ರವರ್ತಿಯನ್ನು ಕೋರ್ಟಿಗೂ ಕರೆಯಲಿಲ್ಲ, ಗೆದ್ದವರಿಗೂ ಇವರು ಬೇಕಿತ್ತು, ನಾನು ದೇವರಲ್ಲ ಅಂತ ಸಾರಿದರು, ಹೊಸ ಸಂವಿಧಾನ ಬಂತು, ದೇಶದ ಸಂಕೇತ ಅಂತ ಹೆಸರಾಯಿತು, ಸೂಟು ತೊಟ್ಟು ಟೋಪಿ ಹಾಕಿ ಊರೂರು ಸುತ್ತಿದರು, ಸೆನ್ಸೇಯ ಊರಿಗೂ ಬಂದಾಗ ಅಮ್ಮ ಅಣ್ಣನ ಫೋಟೋ ಎದೆಯೊಳಗಿಟ್ಟುಕೊಂಡು ರಸ್ತೆ ಬದಿ ನಿಂತರು, ಜೂನಿಗೆ ಮೊದಲೇ ಯಾಕೆ ಹೇಳಲಿಲ್ಲ ಅಂತ ಕೂಗಿ ಕೇಳಿಬಿಡುತ್ತೇನೆ ಅಂತ, ದೂರದಲ್ಲಿ ಒಂದು ಟೋಪಿ ಮೇಲೆದ್ದದ್ದು ಕಂಡಿತು, ಅಷ್ಟೇ, ಅಮ್ಮನ ಬೆನ್ನು ತಾನಾಗಿ ಬಗ್ಗಿತು, ತಲೆ ಎತ್ತುವಷ್ಟರಲ್ಲಿ ಕಾರು ಹೋಗಿತ್ತು. ಸಾಯೋವರೆಗೂ ನಮ್ಮಮ್ಮ ಅವರನ್ನ ಬಯ್ಯಲಿಲ್ಲ, ತನ್ನ ಬೆನ್ನನ್ನೇ ಬಯ್ಕೊಂಡ್ರು.

ನಾನಾಗ ನಕ್ಕಿರಲಿಲ್ಲ, ಆದರೆ ಒಳಗೊಳಗೇ ಅಂದುಕೊಂಡಿದ್ದೆ, ಎಂಥ ಜನ, ಒಂದು ಪ್ರಶ್ನೆ ಕೇಳಲಾಗದ ಜನ — ಈ ವರ್ಷ ಮಾರ್ಚಿನಲ್ಲಿ ನಾನೇನು ಕೇಳಿದೆ ಹಾಗಾದರೆ, ಡೆಟ್ರಾಯಿಟಿನ ಸುತ್ತ ದಿನಕ್ಕೊಂದು ಕಂಪನಿ ಮುಚ್ಚುತ್ತಿತ್ತು, ಪಕ್ಕದ ಕಟ್ಟಡದ ಬೋರ್ಡೇ ಕಳಚಿ ಹೋಗಿತ್ತು, ಎಲ್ಲರನ್ನೂ ಶಾಪ್ ಫ್ಲೋರಿಗೆ, ಯಂತ್ರಗಳ ನಡುವೆ, ಕರೆದು ಮೊರಿಕಾವಾ ಸಾನ್ ಹೇಳಿದರು, ನಾನು ಇಲ್ಲಿರುವವರೆಗೆ ಈ ಫ್ಲೋರಿನ ದೀಪ ಆರುವುದಿಲ್ಲ, ಅವರು ಒಣ ದನಿಯಲ್ಲಿ ಹೇಳಿದ್ದನ್ನು ನಾನು ಎದೆ ತುಂಬಿ ಹೇಳಿದೆ, ಚಪ್ಪಾಳೆ, ಪಾಲಿಶ್ ಲೈನಿನ ಡೆನೀಸ್ ಬಂದು ತಬ್ಬಿಕೊಂಡಳು, ನನ್ನನ್ನು ಸ್ಮಿಟ್ಟಿ ಅಂತ ಕರೆಯುವವಳು ಅವಳೊಬ್ಬಳೇ, ಯಪ್ಸಿಲಾಂಟಿಯ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಕೊಡ್ತೀವಿ ಅಂದಿದ್ರು ಸ್ಮಿಟ್ಟಿ, ನಾಳೆನೇ ಫೋನ್ ಮಾಡಿ ಬೇಡ ಅಂದುಬಿಡ್ತೀನಿ. ಮತ್ತು ಇವತ್ತು, ಅದೇ ಫ್ಲೋರು, ಅದೇ ಮೈಕು, ಮಾರುಕಟ್ಟೆಯ ಸ್ಥಿತಿ ನಾವು ಬಯಸಿದಂತೆ ಇಲ್ಲ, ಅನಿವಾರ್ಯ, ವಿಷಾದ, ಉದ್ದುದ್ದ ಗೌರವದ ಮಾತು, ನಾನು ಒಂದೊಂದನ್ನೂ ಬಿಚ್ಚಿ ಇಂಗ್ಲಿಷಿಗೆ ಹಾಕುತ್ತಿದ್ದೆ, ನಡುವೆ ಸಣ್ಣದೊಂದು ತುಣುಕು ಬಂತು, ಕಾಗದ ನೋಡಿ ಓದುವಾಗ ಜಾರಿತೋ, ಬೇಕೆಂದೇ ಹೇಳಿದರೋ — ಹೋದ ವರ್ಷದ ಶರತ್ಕಾಲದಲ್ಲೇ ದಿಕ್ಕು ತೀರ್ಮಾನವಾಗಿತ್ತು. ಹೋದ ವರ್ಷದ. ಮಾರ್ಚಿಗೆ ಮೊದಲು. ಅಷ್ಟು ಜನರ ನಡುವೆ ಅದು ತಿಳಿದದ್ದು ನನಗೊಬ್ಬಳಿಗೇ, ಮೈಕು ಬಾಯಿಯ ಹತ್ತಿರವಿದೆ, ಎಲ್ಲರ ಕಣ್ಣು ನನ್ನ ತುಟಿಯ ಮೇಲೆ, ನುಂಗಿಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಾನು ಹೇಳಿದೆ, ನಿಧಾನವಾಗಿ, ಇದು ಹೋದ ವರ್ಷವೇ ತೀರ್ಮಾನವಾಗಿತ್ತು. ಯಾರು ತೀರ್ಮಾನ ಮಾಡಿದ್ದು, ಹಿಂದಿನಿಂದ ಯಾರೋ ಕೂಗಿದರು, ನಾನು ಜಪಾನಿಗೆ ತಿರುಗಿಸಿದೆ, ಅವರು ಅಂದರು, ತೀರ್ಮಾನವಾಯಿತು, ಮಾಡಿದವರಿಲ್ಲ ಆ ಮಾತಿನಲ್ಲಿ, ಆಯಿತು ಅಷ್ಟೇ, ಮಳೆ ಬಂದಂತೆ, ಬೆಳಗಾದಂತೆ, ಆಮೇಲೆ ಬಗ್ಗಿದರು, ಸೊಂಟದಿಂದ, ಬಹಳ ಹೊತ್ತು, ನೆತ್ತಿಯ ತೆಳ್ಳಗಿನ ಕೂದಲ ನಡುವೆ ಚರ್ಮ ಕಾಣುವಷ್ಟು, ಇಷ್ಟು ವರ್ಷದ ರೂಢಿ, ನನ್ನ ಬೆನ್ನೂ ಬಗ್ಗಲು ಹೊರಟಿತ್ತು, ಮೈಕ್ ಸ್ಟ್ಯಾಂಡಿನ ಕಂಬಿ ಹಿಡಿದು ನಿಲ್ಲಿಸಿಕೊಂಡೆ. ಕಾರಿಡಾರಿನಲ್ಲಿ ಸಿಕ್ಕರು, ಮೆಲ್ಲಗೆ ಹೇಳಿದರು, ಸ್ಮಿತಾ ಸಾನ್, ಅದೊಂದು ಮಾತು ಬೇಕಿರಲಿಲ್ಲ. ಮಾರ್ಚಿನಲ್ಲಿ ನಿಮಗೆ ಗೊತ್ತಿತ್ತಾ, ಕೇಳಿದೆ, ಕೇಳಿಯೇಬಿಟ್ಟೆ, ಅವರು ನನ್ನ ಕಣ್ಣು ನೋಡಲಿಲ್ಲ, ನನ್ನ ಬ್ಯಾಡ್ಜು ನೋಡಿದರು, ಆಗ ಎಲ್ಲರಿಗೂ ಧೈರ್ಯ ಬೇಕಿತ್ತು ಅಂದರು, ನಿಮ್ಮ ದನಿ ಅದಕ್ಕೆ ಬಹಳ ಚೆನ್ನಾಗಿತ್ತು ಅಂದರು — ಹೊಗಳಿದರು ನನ್ನನ್ನು, ಅಯ್ಯೋ, ಹೊಗಳಿದರು.

ಹಿಮ ಶುರುವಾಗಿದೆ, ಹಗುರ, ಗಾಜಿಗೆ ತಾಗಿ ಕರಗುವಷ್ಟು, ಬಾಗಿಲಿನಿಂದ ಡೆನೀಸ್ ಬರುತ್ತಿದ್ದಾಳೆ, ಕಂಕುಳಲ್ಲಿ ಡಬ್ಬವಿಲ್ಲ, ಟೇಬಲ್ ಫ್ಯಾನು, ಬೇಸಗೆಯಲ್ಲಿ ಪಾಲಿಶ್ ಲೈನಿನ ಸೆಕೆ ತಡೆಯದೆ ಮನೆಯಿಂದ ತಂದಿಟ್ಟುಕೊಂಡದ್ದಿರಬೇಕು, ನವೆಂಬರಿನ ಹಿಮದಲ್ಲಿ ಫ್ಯಾನು ಹೊತ್ತು ಬರುತ್ತಿದ್ದಾಳೆ, ನನ್ನ ಕಾರು ಕಂಡು ತಿರುಗಿದಳು, ಬರಬೇಡ, ಇವತ್ತು ಬರಬೇಡ, ಬೆರಳಿಂದ ಗಾಜು ತಟ್ಟಿದಳು, ಇಳಿಸಿದೆ, ಚಳಿ ಮುಖಕ್ಕೆ ಹೊಡೆಯಿತು, ಹೋದ ವರ್ಷವೇ ಗೊತ್ತಿತ್ತಾ ಅವನಿಗೆ, ಹೌದು ಡೆನೀಸ್, ನನಗೆ ಇವತ್ತೇ ತಿಳಿದದ್ದು, ನಿಜವಾಗಿ ಇವತ್ತೇ, ಅವಳು ತಲೆಯಾಡಿಸಿದಳು, ನಂಬಿದ್ದಕ್ಕೋ ಸುಮ್ಮನೆಯೋ, ಸಿಟ್ಟಿಲ್ಲ ಮುಖದಲ್ಲಿ, ಸಿಟ್ಟಿದ್ದರೆ ಚೆನ್ನಾಗಿತ್ತು, ಅವನ ಮಾತು ನಂಗೆ ಒಂದಕ್ಷರ ಗೊತ್ತಾಗಲ್ಲ ಸ್ಮಿಟ್ಟಿ, ಯಾವತ್ತೂ ಗೊತ್ತಾಗಿಲ್ಲ, ಮಾರ್ಚಿನಲ್ಲಿ ನಾನು ನಂಬಿದ್ದು ನಿನ್ನನ್ನ. ಅಷ್ಟೇ ಅಂದಳು, ಫ್ಯಾನನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು, ಅವಳು ಹೋಗುತ್ತಿದ್ದಾಳೆ, ಸಾಲು ಕಾರುಗಳ ನಡುವೆ, ಫ್ಯಾನಿನ ವೈರು ಕೆಳಗೆ ಬಿದ್ದು ಒದ್ದೆ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದೆ, ಗಾಳಿಗೆ ಅದರ ರೆಕ್ಕೆ ತಾನೇ ತಿರುಗುತ್ತಿದೆ, ಡೆನೀಸ್ ಅಂತ ಕೂಗಬೇಕು, ರೆಕ್ಕೆ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ, ಕೂಗಬೇಕು, ಎಲ್ಲಿಗೂ ಸಿಕ್ಕಿಸದ ವೈರು, ತಿರುಗುವ ರೆಕ್ಕೆ