ಸ್ವಾಮಿಗಳ ಸ್ವಂತ ಕೈಬರಹ

ನಮ್ಮ ಮಠಾಧಿಪತಿ ಆರ್ನುಲ್ಫ್ ಸ್ವಾಮಿಗಳು ತಮ್ಮ ಕೈಯಿಂದ ಪತ್ರ ಬರೆದವರೇ ಅಲ್ಲ. ಅವರು ಹೇಳುವುದು, ನಾನು ಬರೆಯುವುದು. ಹೇಳುವುದಾದರೂ ಏನು? "ಆ ಬಿಷಪ್ಪನಿಗೆ ಸ್ವಲ್ಪ ಬಿಸಿ ಮುಟ್ಸು, ಎವ್ರಾರ್" ಎಂದು ತೂಕಡಿಸುತ್ತಿದ್ದರು. ಬಿಸಿ ನನ್ನದು, ಮುದ್ರೆ ಅವರದು. ಆ ಪತ್ರಗಳಿಗೆ ಇಡೀ ಬರ್ಗಂಡಿ ಸೀಮೆ ತಲೆದೂಗುತ್ತಿತ್ತು. ಅವು ನನ್ನವೆಂದು ನಾನೊಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಅಪ್ಪನ ಹೊಲ ಉತ್ತ ಮಗ ಹೊಲ ತನ್ನದೆನ್ನುತ್ತಾನೆಯೇ?

ನಮ್ಮಲ್ಲಿ ಮಠಾಧಿಪತಿಯೇ ಲೇಖನಿ ಹಿಡಿದರೆ ಅದಕ್ಕಿಂತ ದೊಡ್ಡ ಪ್ರೀತಿಯಿಲ್ಲ. ಜೀವದ ಗೆಳೆಯರಿಗೆ ಮಾತ್ರ ಆ ಮರ್ಯಾದೆ. ದ್ರಾಕ್ಷಿ ಕೊಯ್ಲು ಮುಗಿದ ವಾರ ಸ್ವಾಮಿಗಳು ತಾವೇ ಬರೆದು ಮುದ್ರೆಯೊತ್ತಿದ ಪತ್ರವನ್ನು ನನ್ನ ಕೈಗಿತ್ತರು.

"ಬೆಟ್ಟದ ಮಠದ ಫುಲ್ಬೆರ್ ಸ್ವಾಮಿಗಳಿಗೆ ಕೊಡು. ನಿನ್ ವಿಷಯಾನೇ ಬರ್ದಿದೀನಿ, ಮಗಾ."

"ನಾನೇ ಬರೀತಿದ್ನಲ್ಲ ಸ್ವಾಮಿ, ಯಾಕೆ ಕೈ ನೋಯಿಸ್ಕೊಂಡ್ರಿ?"

"ನಿನ್ ಹೊಗಳಿಕೆ ನಿನ್ ಕೈಲೇ ಬರೆಸ್ಲಾ?" ಎಂದು ಕೆನ್ನೆ ತಟ್ಟಿದರು.

ನಾನು ಹಿಗ್ಗಿ ಹೀರೇಕಾಯಿಯಾದೆ. ಅಡುಗೆಯ ಜೋಸ್ಲೆನ್ ಬಾಗಿಲಲ್ಲೇ ಕಿಚಾಯಿಸಿದ: "ದೊಡ್ಡ ಮನುಷ್ಯ ಆಗ್ಬಿಟ್ಟೆ ಬಿಡು! ವಾಪಸ್ ಬಂದ್ಮೇಲೆ ನಾನ್ ಬೇಯಿಸಿದ ಅವರೆಕಾಳು ಮೂಸಿ ನೋಡ್ತೀಯೋ ಇಲ್ವೋ?"

ಬೆಟ್ಟದ ಮಠದವರು ಬಂದ ಪತ್ರವನ್ನು ಎಲ್ಲರೆದುರು ಗಟ್ಟಿಯಾಗಿ ಓದುವವರು. ತಂದವನು ನಡುವೆ ನಿಂತಿರಬೇಕು. ನಾನು ತಲೆಯೆತ್ತಿಯೇ ನಿಂತೆ. ಫುಲ್ಬೆರ್ ಸ್ವಾಮಿಗಳು ಓದಿದರು:

"ಈ ಎವ್ರಾರನನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ, ಹಿಂದಕ್ಕೆ ಕಳಿಸಬೇಡಿ. ಲೇಖನಿ ಮುಟ್ಟಲು ಬಿಡಬೇಡಿ. ನನ್ನ ಪತ್ರಗಳನ್ನೆಲ್ಲ ಕೂಡಿಸಿ ಗ್ರಂಥ ಮಾಡಿಸುತ್ತಿದ್ದೇನೆ. ಅವುಗಳನ್ನು ತಾನೇ ರಚಿಸಿದೆನೆಂಬ ಭ್ರಮೆ ಈ ಬಡಪಾಯಿಗೆ ಹತ್ತಿದೆ. ಉಳಿದದ್ದನ್ನು ಪತ್ರ ತಂದವನೇ ಹೇಳುತ್ತಾನೆ."

ನಮ್ಮ ಸ್ವಾಮಿಗಳು ನಂಬಿಸಿ ಕುತ್ತಿಗೆ ಕೊಯ್ದಿದ್ದರು. ಆ ಕೈಬರಹ ಪ್ರೀತಿಯದಲ್ಲ, ನನ್ನಿಂದ ಬರೆಸಲಾಗದ ಪತ್ರ ಅದೊಂದೇ ಆಗಿತ್ತು. ಆದರೆ ಆ ಕೊನೆಯ ಸಾಲು! ಗುಟ್ಟಿನ ಮಾತನ್ನು ಹಾಳೆಗಿಳಿಸದೆ ನಂಬಿಕಸ್ಥನ ಬಾಯಲ್ಲಿ ಕಳಿಸುವಾಗ ನಾನು ಹಾಕುತ್ತಿದ್ದ ಸಾಲು ಅದು. ಪತ್ರ ಮುಗಿಸುವ ಬೇರೆ ದಾರಿ ಪಾಪ ಅವರಿಗೆ ಗೊತ್ತಿರಲಿಲ್ಲ.

"ಹೇಳಪ್ಪಾ," ಎಂದರು ಫುಲ್ಬೆರ್ ಸ್ವಾಮಿಗಳು ಮೆಲ್ಲಗೆ, "ಉಳಿದದ್ದೇನು?"

ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟೆ.

"ಆ ಪತ್ರಗಳು ನನ್ನವು ಸ್ವಾಮಿ. ಈ ಕೊನೇ ಸಾಲೂ ನಂದೇ."

ಯಾರೋ ಕಿಸಕ್ಕನೆ ನಕ್ಕರು. ಫುಲ್ಬೆರ್ ಸ್ವಾಮಿಗಳು ನಗಲಿಲ್ಲ. ಎದ್ದು ಬಂದು ನನ್ನ ಸೊಂಟದಲ್ಲಿದ್ದ ಲೇಖನಿ ಹೆರೆಯುವ ಚಾಕುವನ್ನು ತಾವೇ ಬಿಚ್ಚಿಕೊಂಡರು.

"ಪಾಪ," ಎಂದರು ಉಳಿದವರತ್ತ ತಿರುಗಿ, "ಅವ್ರು ಬರ್ದ ಹಾಗೇ ಇದೆ ನೋಡಿ."